ವರಾಂಡ ದಾಟಿಸಿ: ಡಿಸೈನ್ ಕ್ಲಾಸಿನಲ್ಲಿ ಕೈಕೆಲಸ, ಕಂಪ್ಯೂಟರ್ ಎರಡನ್ನೂ ಒಟ್ಟಿಗೆ ಕಲಿಸುವುದು ಹೇಗೆ

ಮೊದಲ ಎರಡು ವಾರ ಕ್ಯಾಡ್ ಲ್ಯಾಬಿನ, ಅಂದ್ರೆ ಕಂಪ್ಯೂಟರಿನಲ್ಲಿ ಡಿಸೈನ್ ಬರೆಯುವ ಕೋಣೆಯ, ಬೀಗ ತೆಗೆಯಬೇಡಿ. ವಿದ್ಯಾರ್ಥಿಗಳು ಕೇಳುತ್ತಾರೆ, ಬೇಜಾರು ಮಾಡಿಕೊಳ್ಳುತ್ತಾರೆ, ಪರವಾಗಿಲ್ಲ. ಕಲಬುರಗಿಯಲ್ಲಿ ಇಂಡಸ್ಟ್ರಿಯಲ್ ಡಿಸೈನ್ ಪಾಠ ಮಾಡುತ್ತಾ ನಾನು ತಡವಾಗಿ ಕಲಿತ ವಿಷಯ ಇದು, ಅದಕ್ಕೇ ಮೊದಲು ಹೇಳುತ್ತಿದ್ದೇನೆ. ಮೂರನೇ ವಾರ ಬೀಗ ತೆಗೆದ ಮೇಲೆ ಮತ್ತೆ ಹಾಕಬೇಡಿ. ವರ್ಕ್‌ಶಾಪಿನ ಬಾಗಿಲೂ ಹಾಗೇ ತೆರೆದಿರಲಿ.

ನಾನು ಓದುವಾಗ ಹೀಗಿರಲಿಲ್ಲ. ಮೊದಲ ವರ್ಷ ಫಿಟ್ಟಿಂಗ್ ಶಾಪಿನಲ್ಲಿ ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿ ಉಜ್ಜಿ ಚೌಕ ಮಾಡಿದೆವು. ಎರಡನೇ ವರ್ಷ ಕಂಪ್ಯೂಟರ್ ಮುಂದೆ ಕೂತು ಪುಸ್ತಕದಲ್ಲಿದ್ದ ಬ್ರಾಕೆಟ್ಟಿನ ಚಿತ್ರ ನೋಡಿ ಅದನ್ನೇ ತಿರುಗಿ ಬರೆದೆವು. ಉಜ್ಜಿದ್ದನ್ನು ಬರೆಯಿರಿ ಅಂತ ಯಾರೂ ಹೇಳಲಿಲ್ಲ. ಬರೆದದ್ದನ್ನು ಮಾಡಿ ತೋರಿಸಿ ಅಂತಲೂ ಹೇಳಲಿಲ್ಲ. ಎರಡು ಕೋಣೆಗಳ ನಡುವೆ ಇದ್ದದ್ದು ಒಂದೇ ಒಂದು ವರಾಂಡ, ಆದರೆ ನಾವು ಓದಿ ಮುಗಿಸುವವರೆಗೂ ಒಂದೇ ಒಂದು ವಸ್ತು ಆ ವರಾಂಡ ದಾಟಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರವೇ ಅದರ ಪೆಟ್ಟು ಗೊತ್ತಾಯಿತು. ನಾನು ಬರೆದುಕೊಟ್ಟ ಡ್ರಾಯಿಂಗ್ ನೋಡಿ ಲೇತ್ ಮೇಲಿದ್ದ ಹಿರಿಯರು, "ಇಲ್ಲಿ ಟೂಲ್ ಒಳಗ ಹ್ಯಾಂಗ ಹೋಗ್ತದ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈ ಬರಹ ಇರುವುದು ಆ ವರಾಂಡದ ಬಗ್ಗೆ. ವಸ್ತು ಕೈಯಿಂದ ಪರದೆಗೆ ಹೋಗುವಾಗ, ಪರದೆಯಿಂದ ಕೈಗೆ ಬರುವಾಗ ಏನೇನಾಗುತ್ತದೆ, ಎಲ್ಲಿ ಎಡವುತ್ತೇವೆ, ಅಲ್ಲಿ ನಿಂತು ಏನು ಕಲಿಸಬೇಕು ಅನ್ನುವುದು. ಒಂದು ಸಾಧಾರಣ ವರ್ಕ್‌ಶಾಪ್, ನಾಲ್ಕೈದು ಕಂಪ್ಯೂಟರ್, ಒಂದು ಚಿಕ್ಕ ಥ್ರೀಡಿ ಪ್ರಿಂಟರ್ ಇದ್ದರೆ ಸಾಕು. ಐಟಿಐ, ಡಿಪ್ಲೊಮಾ, ಇಂಜಿನಿಯರಿಂಗ್ ಯಾವುದೇ ಇರಲಿ, ಹತ್ತು ಹನ್ನೆರಡು ವಾರದ ಒಂದೇ ಪ್ರಾಜೆಕ್ಟಿನಲ್ಲಿ ಇದನ್ನು ಮಾಡಬಹುದು.

ಪ್ರಾಜೆಕ್ಟ್ ಊರಿನಲ್ಲೇ ಇದೆ

ಮೊಬೈಲ್ ಸ್ಟ್ಯಾಂಡ್, ಪೆನ್ ಹೋಲ್ಡರ್ ಕೊಡಬೇಡಿ, ದಯವಿಟ್ಟು. ಅವುಗಳ ಮಾಡೆಲ್ ಇಂಟರ್‌ನೆಟ್ಟಿನಲ್ಲಿ ರಾಶಿ ಬಿದ್ದಿವೆ. ಅದಕ್ಕಿಂತ ದೊಡ್ಡ ತೊಂದರೆ ಏನಂದ್ರೆ, ಕೆಟ್ಟ ಮೊಬೈಲ್ ಸ್ಟ್ಯಾಂಡ್ ಮಾಡಿದರೆ ಯಾರಿಗೂ ಕೈ ನೋಯುವುದಿಲ್ಲ. ತಪ್ಪು ಮಾಡಿದರೆ ಬೇರೆಯವರಿಗೆ ನೋಯುವಂಥ ಕೆಲಸ ಕೊಟ್ಟಾಗಲೇ ಹುಡುಗರು ಗಂಭೀರವಾಗುತ್ತಾರೆ.

ನಾನು ಕೊಡುವುದು ತೊಗರಿ ಕುಡಿ ಚಿವುಟುವ ಸಾಧನ. ನಮ್ಮದು ತೊಗರಿ ಜಿಲ್ಲೆ, ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿದೆ. ಬಿತ್ತಿದ ಸುಮಾರು 50 ದಿನಕ್ಕೆ ಗಿಡದ ತುದಿಯ ಕುಡಿ ಚಿವುಟುತ್ತಾರೆ. ತುದಿ ಹೋದರೆ ಗಿಡ ಮೇಲಕ್ಕೆ ಓಡುವುದನ್ನು ಬಿಟ್ಟು ಪಕ್ಕಕ್ಕೆ ಕವಲೊಡೆಯುತ್ತದೆ, ಕವಲು ಜಾಸ್ತಿಯಾದರೆ ಕಾಯಿಯೂ ಜಾಸ್ತಿ. ಬ್ಯಾಟರಿ ಯಂತ್ರಗಳು ಬಂದಿವೆ ನಿಜ. ಆದರೂ ಸಣ್ಣ ಹೊಲಗಳಲ್ಲಿ ಹೆಣ್ಣುಮಕ್ಕಳು ಸಾಲು ಹಿಡಿದು ಕೈಯಿಂದಲೇ ಚಿವುಟುತ್ತಾರೆ. ಅರ್ಧ ದಿನ ಆಗುವಷ್ಟರಲ್ಲಿ ಹೆಬ್ಬೆರಳು, ತೋರುಬೆರಳು ಹಸಿರಾಗಿ, ಉಗುರಿನ ಸಂದಿ ಉರಿಯುತ್ತದೆ.

ಒಂದು ಅಲಗು, ಒಂದು ಹಿಡಿ, ಬೇಕಾದರೆ ಒಂದು ಸ್ಪ್ರಿಂಗ್. ಇಷ್ಟೇ ವಸ್ತು. ಆದರೆ ಹಿಡಿತ, ತೂಕ, ಯಾಂತ್ರಿಕತೆ, ಬೆಲೆ, ರಿಪೇರಿ ಎಲ್ಲ ಪ್ರಶ್ನೆಯೂ ಇದರೊಳಗೆ ಇದೆ. ಬಳಸುವವರು ಬಸ್ಸಿನಲ್ಲಿ ಅರ್ಧ ಗಂಟೆ ದೂರದಲ್ಲಿ ಸಿಗುತ್ತಾರೆ.

ಒಂದು ಎಚ್ಚರಿಕೆ. ಬೆಳೆ ನಿಮ್ಮ ಟೈಮ್‌ಟೇಬಲ್ ಕೇಳಿ ಬೆಳೆಯುವುದಿಲ್ಲ. ಜೂನ್, ಜುಲೈ ಬಿತ್ತನೆ ಅಂದ್ರೆ ಚಿವುಟುವುದು ಆಗಸ್ಟ್, ಹೆಚ್ಚೆಂದರೆ ಸೆಪ್ಟೆಂಬರ್ ಮೊದಲ ವಾರ. ಸೆಮಿಸ್ಟರ್ ಆಮೇಲೆ ಶುರುವಾದರೆ ನಿಮಗೆ ಹೊಲವೂ ಸಿಗುವುದಿಲ್ಲ, ಪರೀಕ್ಷೆ ಮಾಡಲು ಗಿಡವೂ ಸಿಗುವುದಿಲ್ಲ. ಆಗ ಕುಡುಗೋಲಿನ ಹಿಡಿ ತೆಗೆದುಕೊಳ್ಳಿ, ತೊಗರಿ ಕೊಯ್ಲು ಡಿಸೆಂಬರ್, ಜನವರಿಗೆ ಬರುತ್ತದೆ. ಯಾದಗಿರಿ ಕಡೆಯವರಾದರೆ ಹತ್ತಿ ಬಿಡಿಸುವಾಗ ಹೆಗಲಿಗೆ ಕಟ್ಟುವ ಚೀಲ ಒಳ್ಳೆ ಪ್ರಾಜೆಕ್ಟ್. ಬಟ್ಟೆ, ಕಾಗದದ ಪ್ಯಾಟರ್ನ್, ಹೊಲಿಗೆ ಯಂತ್ರ, ಕ್ಯಾಡ್ ನಾಲ್ಕೂ ಅದರಲ್ಲಿ ಬರುತ್ತವೆ. ಬೀದರ್‌ನವರಿಗೆ ಏನು ಅಂತ ಮುಂದೆ ಹೇಳುತ್ತೇನೆ.

ಮೊದಲ ವಾರ: ಸುಮ್ನೆ ನೋಡಿ, ಆಮೇಲೆ ಅಳೆಯಿರಿ

ಹೊಲಕ್ಕೆ ಹೋದ ಮೊದಲ ದಿನ ಯಾರೂ ಐಡಿಯಾ ಹೇಳಬಾರದು ಅಂತ ಕಟ್ಟಪ್ಪಣೆ ಮಾಡಿ. ಒಂದು ಗಂಟೆ ಕುಡಿ ಚಿವುಟುವುದನ್ನು ನೋಡಬೇಕು, ಅಷ್ಟೇ. ಒಂದು ಗಂಟೆ ಆದ ಮೇಲೆ ಅವರ ನೋಟ್‌ಬುಕ್ ನೋಡಿ, ಮೊದಲ ಹತ್ತು ನಿಮಿಷದಲ್ಲಿ ಬರೆದದ್ದಕ್ಕೂ ಆಮೇಲೆ ಬರೆದದ್ದಕ್ಕೂ ಅಜಗಜಾಂತರ ಇರುತ್ತದೆ. ಎಡಗೈ ಏನು ಮಾಡುತ್ತಿತ್ತು ಅನ್ನುವುದು ಮೊದಲು ಯಾರಿಗೂ ಕಾಣುವುದಿಲ್ಲ. ಅದು ಗಿಡವನ್ನು ಬಾಗಿಸಿ ಹಿಡಿಯುತ್ತಿರುತ್ತದೆ, ಅಂದ್ರೆ ನಿಮ್ಮ ಸಾಧನ ಒಂದೇ ಕೈಯಲ್ಲಿ ನಡೆಯಬೇಕು.

1958ರಲ್ಲಿ ಚಾರ್ಲ್ಸ್ ಮತ್ತು ರೇ ಈಮ್ಸ್ ಅನ್ನುವ ಅಮೆರಿಕದ ಡಿಸೈನರ್ ದಂಪತಿ ಭಾರತ ಸರ್ಕಾರಕ್ಕೆ ಒಂದು ವರದಿ ಬರೆದರು. ಅದರಲ್ಲಿ ಅವರು ಬಹಳ ಹೊತ್ತು ನಿಂತದ್ದು ನಮ್ಮ ತಂಬಿಗೆಯ ಮುಂದೆ. ಎಷ್ಟು ನೀರು ಹಿಡಿಯಬೇಕು, ಹೊರುವವರ ಮೈಗೆ ಹೇಗೆ ಒರಗುತ್ತದೆ, ಖಾಲಿ ಇದ್ದಾಗ ತೂಕ ಎಲ್ಲಿ, ತುಂಬಿದಾಗ ಎಲ್ಲಿ, ತೊಳೆಯಲು ಕೈ ಹೋಗುತ್ತದಾ, ಹೀಗೆ ಕೇಳುತ್ತಾ ಹೋದರು. ಅಹಮದಾಬಾದಿನ ರಾಷ್ಟ್ರೀಯ ಡಿಸೈನ್ ಸಂಸ್ಥೆ ಎನ್ಐಡಿ 1961ರಲ್ಲಿ ಶುರುವಾಗಲು ಆ ವರದಿಯೇ ದಾರಿ ಮಾಡಿಕೊಟ್ಟಿತು. ನಾನು ಮೊದಲ ವಾರ ವಿದ್ಯಾರ್ಥಿಗಳಿಗೆ ಅವರವರ ಮನೆಯ ತಂಬಿಗೆ ತರಲು ಹೇಳಿ ಅದೇ ರೀತಿ ಪ್ರಶ್ನೆ ಕೇಳಿಸುತ್ತೇನೆ. ಇಪ್ಪತ್ತು ತಂಬಿಗೆ ಸಾಲಾಗಿ ಇಟ್ಟರೆ ಇಪ್ಪತ್ತೂ ಬೇರೆ ಬೇರೆ. ಯಾಕೆ ಬೇರೆ ಅನ್ನುವುದೇ ಒಂದು ಮಧ್ಯಾಹ್ನದ ಪಾಠ.

ಆಮೇಲೆ ಅಳತೆ. ಹೊಲದಲ್ಲಿ ಒಪ್ಪಿಗೆ ಕೇಳಿ, ಕನಿಷ್ಠ 20 ಹೆಣ್ಣುಮಕ್ಕಳ ಕೈ ಅಳೆಯಿರಿ: ಅಂಗೈ ಅಗಲ, ನಡುಬೆರಳ ತುದಿಯಿಂದ ಮಣಿಕಟ್ಟಿನವರೆಗೆ ಉದ್ದ, ಹೆಬ್ಬೆರಳು ಮತ್ತು ನಡುಬೆರಳು ಸೇರಿಸಿದಾಗ ಒಳಗೆ ಉಳಿಯುವ ದುಂಡು. ಕೊನೆಯದನ್ನು ಅಳೆಯಲು ಬೇರೆ ಬೇರೆ ದಪ್ಪದ ಪಿವಿಸಿ ಪೈಪಿನ ತುಂಡು ಕೊಟ್ಟು, ಯಾವುದು ಚೆನ್ನಾಗಿ ಕೂರುತ್ತದೆ ಅಂತ ಕೇಳಿದರೆ ಸಾಕು.

ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್ ಕೈ ಉಪಕರಣಗಳಿಗೆ ಒಂದು ಅಂದಾಜು ಕೊಟ್ಟಿದೆ: ಬಿಗಿಯಾಗಿ ಹಿಡಿಯುವ ಒಂಟಿ ಹಿಡಿಯ ದಪ್ಪ ಸುಮಾರು 32ರಿಂದ 50 ಮಿಲಿಮೀಟರ್. ಕತ್ತರಿಯಂತೆ ಎರಡು ಹಿಡಿ ಇದ್ದರೆ ಮುಚ್ಚಿದಾಗ 50ಕ್ಕಿಂತ ಕಡಿಮೆ ಬೇಡ, ತೆರೆದಾಗ 90 ಮೀರಬೇಡ. ಇದನ್ನು ಹಲಗೆ ಮೇಲೆ ಬರೆಯಿರಿ. ಪಕ್ಕದಲ್ಲೇ ನಿಮ್ಮ 20 ಕೈಗಳ ಅಳತೆ ಬರೆಯಿರಿ. 90 ಮಿಲಿಮೀಟರ್ ತೆರೆದ ಹಿಡಿಯನ್ನು ದಿನವಿಡೀ ಒತ್ತಲು ಆ ಕೈಗಳಿಗೆ ಆಗುತ್ತದಾ ಅಂತ ವಿದ್ಯಾರ್ಥಿಗಳೇ ಹೇಳಲಿ. ಪುಸ್ತಕದ ಅಂಕಿ ಮತ್ತು ಊರಿನ ಅಂಕಿ ಅಕ್ಕಪಕ್ಕ ನಿಂತಾಗ ಮಾತ್ರ ಅಂಕಿಗೆ ಅರ್ಥ ಬರುತ್ತದೆ.

ಎರಡನೇ ವಾರ: ಮಣ್ಣು

ಕುಂಬಾರರ ಮಣ್ಣು ತನ್ನಿ. ಹೊಲದ ಎರೆಮಣ್ಣು ಬೇಡ, ಅದು ಒಣಗುವಾಗ ವಿಪರೀತ ಕುಗ್ಗಿ ಬಿರುಕು ಬಿಡುತ್ತದೆ, ಬೇಸಿಗೆಯಲ್ಲಿ ಹೊಲ ಬಾಯಿ ಬಿಡುವುದು ನೋಡಿದ್ದೀರಲ್ವಾ, ಅದೇ ಕತೆ. ಕೆಲಸ ಮಾಡಲು ನೆಲಕ್ಕೆ ಹಾಸುವ ಶಹಾಬಾದ್ ಕಲ್ಲಿನ ಫರ್ಸಿ ತುಂಡು ಒಂದೊಂದು ಕೊಡಿ. ನಮ್ಮ ಕಡೆ ಮನೆ ಕಟ್ಟುವ ಜಾಗದಲ್ಲಿ ಒಡೆದ ಫರ್ಸಿ ಸಿಗುತ್ತದೆ. ಸಮತಟ್ಟು, ಭಾರ, ತೊಳೆದರೆ ಸ್ವಚ್ಛ. ಇದಕ್ಕಿಂತ ಒಳ್ಳೆ ಕೆಲಸದ ಹಲಗೆ ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಮಣ್ಣಿನ ಉಂಡೆ ಮಾಡಿ, ಕುಡಿ ಕತ್ತರಿಸುವ ಹಾಗೆ ಹಿಡಿದು ಹಿಚುಕಿ. ಬೆರಳು ಎಲ್ಲಿ ಒತ್ತುತ್ತದೋ ಅಲ್ಲಿ ಗುಳಿ ಬೀಳುತ್ತದೆ. ಇದೇ ಮೊದಲ ಮಾಡೆಲ್. ಒಬ್ಬೊಬ್ಬರೂ ಹತ್ತು ಮಾಡಲಿ. ಹತ್ತನೆಯದು ಮೊದಲನೆಯದರ ಹಾಗೆ ಇರುವುದೇ ಇಲ್ಲ.

ಒಂದು ಸಲ ನಡೆದದ್ದು ಹೇಳುತ್ತೇನೆ. ಒಬ್ಬ ಹುಡುಗಿ ಬಹಳ ಅಚ್ಚುಕಟ್ಟಾಗಿ, ನಯವಾಗಿ, ಎರಡೂ ಬದಿ ಒಂದೇ ಥರ ಇರುವ ಹಿಡಿ ಮಾಡಿದ್ದಳು. ಹೊಲದಲ್ಲಿ ಒಬ್ಬ ಅಜ್ಜಿ ಅದನ್ನು ತೆಗೆದುಕೊಂಡು, ಏನೂ ಹೇಳದೆ, ಹೆಬ್ಬೆರಳಿನಿಂದ ಮೇಲುಭಾಗವನ್ನು ಒತ್ತಿ ಓರೆ ಮಾಡಿಬಿಟ್ಟರು. ಮಣ್ಣು ಇನ್ನೂ ಹಸಿ ಇತ್ತು. "ಹಿಂಗ ಇದ್ರ ಮಣಿಕಟ್ಟು ತಿರುಗಸಾದು ಬ್ಯಾಡ ನೋಡು" ಅಂದರು. ಹುಡುಗಿಯ ಮುಖ ಸಪ್ಪಗಾಯಿತು, ಆಮೇಲೆ ತಾನೇ ಹಿಡಿದು ನೋಡಿದಳು. ಆ ಹೆಬ್ಬೆರಳಿನ ಗುರುತು ಕೊನೆಯ ಪ್ರಿಂಟಿನವರೆಗೂ ಉಳಿಯಿತು, ಸುಮಾರು 15 ಡಿಗ್ರಿ ಓರೆ. ಮೊದಲೇ ಕಂಪ್ಯೂಟರ್ ಮುಂದೆ ಕೂತಿದ್ದರೆ ಒಂದು ಬದಿಯನ್ನೇ ಇನ್ನೊಂದು ಬದಿಗೆ ನಕಲು ಮಾಡುವ ಮಿರರ್ ಕಮಾಂಡ್ ಒತ್ತಿ ಮುಗಿಸುತ್ತಿದ್ದಳು. ಗಟ್ಟಿ ಪ್ಲಾಸ್ಟಿಕ್ಕನ್ನು ಯಾವ ಅಜ್ಜಿಯೂ ಹೆಬ್ಬೆರಳಿಂದ ತಿದ್ದಲು ಆಗುವುದಿಲ್ಲ. ಲ್ಯಾಬಿಗೆ ಬೀಗ ಹಾಕಿ ಅಂದದ್ದು ಇದಕ್ಕೇ.

ವರಾಂಡ ದಾಟುವುದು, ಮೊದಲ ಸಲ: ಕೈಯಿಂದ ಪರದೆಗೆ

ಈಗ ಲ್ಯಾಬ್ ತೆರೆಯಿರಿ. ಮಣ್ಣಿನ ಹಿಡಿಯನ್ನು ಕಂಪ್ಯೂಟರಿಗೆ ತರಲು ಎರಡು ದಾರಿ ಇವೆ. ಎರಡನ್ನೂ ಮಾಡಿಸಿ.

ಮೊದಲನೆಯದು ಹಳೆಯ ದಾರಿ. ಮಣ್ಣು ಅರ್ಧ ಒಣಗಿದಾಗ ತೆಳ್ಳನೆ ತಂತಿ ಹಿಡಿದು 10 ಮಿಲಿಮೀಟರಿಗೆ ಒಂದರಂತೆ ಬೆಂಡೆಕಾಯಿ ಹೆಚ್ಚಿದ ಹಾಗೆ ಕತ್ತರಿಸಿ. ಪ್ರತಿ ಹೋಳನ್ನೂ ಗ್ರಾಫ್ ಹಾಳೆಯ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆಯಿರಿ. ಆ ಗೆರೆಗಳನ್ನು ಕ್ಯಾಡ್‌ನಲ್ಲಿ ಒಂದರ ಮೇಲೊಂದು 10 ಮಿಲಿಮೀಟರ್ ಅಂತರದಲ್ಲಿ ಇಟ್ಟು ಲಾಫ್ಟ್ ಕಮಾಂಡ್ ಕೊಟ್ಟರೆ ಹಿಡಿ ಎದ್ದು ನಿಲ್ಲುತ್ತದೆ. ಅದು ಎದ್ದು ನಿಲ್ಲುವ ಕ್ಷಣದಲ್ಲಿ ಕ್ಲಾಸ್ ಗಪ್ಪಾಗುತ್ತದೆ, ನಾನು ಪ್ರತಿ ವರ್ಷ ಅದಕ್ಕೆ ಕಾಯುತ್ತೇನೆ.

ಆಗಲೇ ಹೇಳಿ: ಲಾಫ್ಟ್ ಅನ್ನುವ ಹೆಸರು ಹಡಗು ಕಟ್ಟುವವರಿಂದ ಬಂದದ್ದು. ಅವರು ಅಟ್ಟದಂಥ ದೊಡ್ಡ ಕೋಣೆಯ ನೆಲದ ಮೇಲೆ ಹಡಗಿನ ಅಡ್ಡಗೆರೆಗಳನ್ನು ನಿಜ ಅಳತೆಯಲ್ಲೇ ಎಳೆಯುತ್ತಿದ್ದರು, ಆ ಅಟ್ಟದ ಹೆಸರೇ ಕೆಲಸಕ್ಕೆ ಅಂಟಿಕೊಂಡಿತು. ಕ್ಯಾಡ್‌ನಲ್ಲಿ ಬಾಗಿದ ಗೆರೆಗೆ ಹೇಳುವ ಸ್ಪ್ಲೈನ್ ಅಂದ್ರೆ ಮೂಲದಲ್ಲಿ ಬಳುಕುವ ಮರದ ಪಟ್ಟಿ. ಅದನ್ನು ಅಲ್ಲಲ್ಲಿ ಸೀಸದ ಗುಂಡು ಇಟ್ಟು ಬಗ್ಗಿಸಿ, ಅದರ ಅಂಚಿಗೆ ಗೆರೆ ಎಳೆಯುತ್ತಿದ್ದರು. ಇದನ್ನು ಬಾಯಿಮಾತಲ್ಲಿ ಹೇಳಿ ಬಿಡಬೇಡಿ. ಬಿದಿರಿನ ತೆಳ್ಳನೆ ಸೀಳು ತಂದು, ಹಲಗೆಗೆ ಮೊಳೆ ಹೊಡೆದು, ಸೀಳನ್ನು ಮೊಳೆಗಳ ನಡುವೆ ಬಾಗಿಸಿ ತೋರಿಸಿ. ಒಂದು ಮೊಳೆ ಸರಿಸಿದರೆ ಪಕ್ಕದ ಗೆರೆಯೂ ಯಾಕೆ ಅಲುಗುತ್ತದೆ ಅನ್ನುವುದು ಎರಡು ನಿಮಿಷದಲ್ಲಿ ಕೈಗೇ ಗೊತ್ತಾಗುತ್ತದೆ. ಮೌಸಿನಿಂದ ಇದನ್ನು ಅರ್ಥ ಮಾಡಿಸಲು ನಾನು ಎಷ್ಟೋ ಗಂಟೆ ಹಾಳು ಮಾಡಿದ್ದೇನೆ.

ಎರಡನೆಯದು ಮೊಬೈಲ್ ಫೋಟೋ ದಾರಿ, ಫೋಟೋಗ್ರಾಮೆಟ್ರಿ: ಸುತ್ತಲಿಂದ ತೆಗೆದ ಫೋಟೋಗಳನ್ನು ಸಾಫ್ಟ್‌ವೇರ್ ಜೋಡಿಸಿ ಥ್ರೀಡಿ ಮಾಡೆಲ್ ಮಾಡುತ್ತದೆ. ವಸ್ತು ಒಂದೇ ಕಡೆ ಇರಲಿ, ನೀವು ಸುತ್ತ ತಿರುಗಿ. ಎರಡು ಮೂರು ಎತ್ತರದಿಂದ ಸುತ್ತು ಹಾಕಿ 60ರಿಂದ 80 ಫೋಟೋ ತೆಗೆಯಿರಿ, ಒಂದು ಫೋಟೋದ ಅರ್ಧಕ್ಕಿಂತ ಜಾಸ್ತಿ ಭಾಗ ಮುಂದಿನದರಲ್ಲೂ ಕಾಣಬೇಕು. ನಮ್ಮ ಮಧ್ಯಾಹ್ನದ ಬಿಸಿಲಲ್ಲಿ ತೆಗೆದರೆ ನೆರಳು ಕಪ್ಪಗೆ ಕೂತು ಕೆಡುತ್ತದೆ, ವರಾಂಡದ ನೆರಳೇ ಒಳ್ಳೆಯದು. ಮಣ್ಣು ಹೊಳೆಯುವುದಿಲ್ಲ, ಅದಕ್ಕೇ ಸುಲಭ. ಸ್ಟೀಲ್ ತಂಬಿಗೆ ಸ್ಕ್ಯಾನ್ ಮಾಡಬೇಕಂದ್ರೆ ಮೇಲೆ ಪೌಡರ್ ಉದುರಿಸಿ. ಮೆಶ್‌ರೂಮ್ ಅನ್ನುವ ಇಂಥ ಸಾಫ್ಟ್‌ವೇರ್ ಉಚಿತ, ಆದರೆ ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಕೇಳುತ್ತದೆ. ಇಲ್ಲದಿದ್ದರೆ ಫೋನಿನ ಆಪ್‌ಗಳಿವೆ.

ಇಲ್ಲಿ ಎಲ್ಲರೂ ಬೀಳುವ ಗುಂಡಿ ಒಂದಿದೆ. ಫೋಟೋಗೆ ಅಳತೆ ಗೊತ್ತಿಲ್ಲ. ಸ್ಕ್ಯಾನ್ ಆಗಿ ಬಂದ ಹಿಡಿ 12 ಮಿಲಿಮೀಟರ್ ಉದ್ದವೂ ಇರಬಹುದು, 12 ಮೀಟರೂ ಇರಬಹುದು. ಪಕ್ಕದಲ್ಲಿ ಒಂದು ಸ್ಟೀಲ್ ಸ್ಕೇಲ್ ಇಟ್ಟು ಫೋಟೋ ತೆಗೆದರೆ, ಆಮೇಲೆ 100 ಮಿಲಿಮೀಟರನ್ನು 100ಕ್ಕೆ ಹೊಂದಿಸಬಹುದು. ಇನ್ನೊಂದು, ಸ್ಕ್ಯಾನ್ ಆಗಿ ಬಂದ ಆ ಜಾಲರಿ ಡಿಸೈನ್ ಅಲ್ಲ. ಅದನ್ನು ತಳದಲ್ಲಿಟ್ಟು ಮೇಲೆ ಹೊಸದಾಗಿ ಗೆರೆ ಎಳೆಯಬೇಕು. ಯಾವ ಗುಳಿ ಬೇಕೆಂದೇ ಮಾಡಿದ್ದು, ಯಾವುದು ಬೆರಳು ಜಾರಿ ಆದದ್ದು, ಇದನ್ನು ಆರಿಸುವುದೇ ಡಿಸೈನರ್ ಕೆಲಸ.

ವರ್ನಿಯರ್ ಬಗ್ಗೆಯೂ ಒಂದು ಮಾತು. ಹುಡುಗರು ಹಸಿ ಮಣ್ಣನ್ನು ಅಳೆದು 34.16 ಅಂತ ಬರೆಯುತ್ತಾರೆ. ಮೂರು ಸಲ ಅಳೆಯಿಸಿ, ಮೂರು ಸಲವೂ ಬೇರೆ ಬರುತ್ತದೆ, ಯಾಕಂದ್ರೆ ವರ್ನಿಯರಿನ ದವಡೆಯೇ ಮಣ್ಣನ್ನು ಒತ್ತುತ್ತದೆ. 0.02 ಮಿಲಿಮೀಟರ್ ಓದುವ ಉಪಕರಣ ಕೈಯಲ್ಲಿದೆ ಅಂತ ವಸ್ತುವಿಗೆ ಅಷ್ಟು ನಿಖರತೆ ಬರುವುದಿಲ್ಲ. ಮಣ್ಣಿಗೆ ಅರ್ಧ ಮಿಲಿಮೀಟರ್ ಸಾಕು.

ಯಾವ ಸಾಫ್ಟ್‌ವೇರ್ ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಫ್ರೀಕ್ಯಾಡ್ ಪೂರ್ತಿ ಉಚಿತ. ಫ್ಯೂಷನ್ ವಿದ್ಯಾರ್ಥಿಗಳಿಗೆ ಉಚಿತವಾಗಿ ಸಿಗುತ್ತದೆ. ಯಾವುದಾದರೂ ಒಂದನ್ನು ಹಿಡಿದು ಕೂತರೆ ಆಯಿತು.

ವಾಪಸ್ ದಾಟುವುದು: ಪರದೆಯಿಂದ ಕೈಗೆ

ಪ್ರಿಂಟರ್ ಕಡೆಗೆ ಓಡುವುದನ್ನು ತಡೆಯಿರಿ. ಮೊದಲು ಕಾಗದದ ಮೇಲೆ ನಿಜ ಅಳತೆಯ ಪ್ರಿಂಟ್ ತೆಗೆಯಿರಿ. ಝೆರಾಕ್ಸ್ ಅಂಗಡಿಯಲ್ಲಿ "ಫಿಟ್ ಟು ಪೇಜ್" ಒತ್ತಿದರೆ ಎಲ್ಲ ಚಿಕ್ಕದಾಗುತ್ತದೆ, ನೋಡಲು ಗೊತ್ತೇ ಆಗುವುದಿಲ್ಲ. ಹಾಗಾಗಿ ಪ್ರತಿ ಹಾಳೆಯ ಮೂಲೆಯಲ್ಲಿ 100 ಮಿಲಿಮೀಟರಿನ ಒಂದು ಗೆರೆ ಹಾಕಿಸಿ, ಬಂದ ಮೇಲೆ ಸ್ಕೇಲ್ ಇಟ್ಟು ನೋಡಲಿ. ಆ ಕಾಗದವನ್ನು ರಟ್ಟಿಗೆ ಅಂಟಿಸಿ ಕತ್ತರಿಸಿ, ಹಿಡಿದು ನೋಡಿ. ತಪ್ಪುಗಳಲ್ಲಿ ದೊಡ್ಡ ಪಾಲು ಇಲ್ಲೇ ಸಿಗುತ್ತದೆ, ಅದೂ ಐದು ರೂಪಾಯಿ ಖರ್ಚಿನಲ್ಲಿ. ಆಮೇಲೆ ಥರ್ಮಾಕೋಲ್ ಅಥವಾ ಮೆತ್ತನೆ ಮರ. ಇದೆಲ್ಲ ಆದ ಮೇಲೇ ಥ್ರೀಡಿ ಪ್ರಿಂಟ್.

ಪ್ರಿಂಟರ್ ಮುಟ್ಟುವ ಮೊದಲು ಒಂದು ಚಿಕ್ಕ ಅಭ್ಯಾಸ ಮಾಡಿಸಿ. 10 ಮಿಲಿಮೀಟರಿನ ಒಂದು ಗೂಟ, ಮತ್ತು 10.0, 10.1, 10.2 ಹೀಗೆ 10.5ರವರೆಗೆ ಆರು ತೂತು ಇರುವ ಒಂದು ಪಟ್ಟಿ ಪ್ರಿಂಟ್ ಮಾಡಲಿ. ಗೂಟವನ್ನು ಒಂದೊಂದೇ ತೂತಿಗೆ ಹಾಕಿ ನೋಡಲಿ. 10.0ಕ್ಕೆ ಹೋಗುವುದೇ ಇಲ್ಲ, ಕರಗಿದ ಪ್ಲಾಸ್ಟಿಕ್ ಎಳೆಯಿಂದ ಮಾಡುವ ಈ ಪ್ರಿಂಟರ್‌ಗಳಲ್ಲಿ ತೂತು ಸ್ವಲ್ಪ ಚಿಕ್ಕದಾಗಿಯೇ ಬರುತ್ತದೆ. ಒಂದಕ್ಕೆ ಸುತ್ತಿಗೆ ಏಟು ಬೇಕು, ಒಂದು ಬಿಗಿಯಾಗಿ ಕೂರುತ್ತದೆ, ಒಂದು ಸಲೀಸಾಗಿ ತಿರುಗುತ್ತದೆ. ಅಲಗಿನ ಕೀಲಿಗೆ ಬೇಕಾದದ್ದು ಆ ಸಲೀಸು. ನಿಮ್ಮ ಯಂತ್ರದಲ್ಲಿ ಅದು ಎಷ್ಟಕ್ಕೆ ಬಂತು ಅಂತ ಗೋಡೆ ಮೇಲೆ ಯಂತ್ರದ ಪಕ್ಕ ಬರೆದಿಡಿ. ಇಂಟರ್‌ನೆಟ್ ಹೇಳುವ ಅಂಕಿಗಿಂತ ಆ ಗೋಡೆಯ ಅಂಕಿ ನಿಮಗೆ ಸತ್ಯ.

ಹಿಡಿಯನ್ನು ನಿಲ್ಲಿಸಿ ಪ್ರಿಂಟ್ ಮಾಡಬೇಡಿ, ಮಲಗಿಸಿ ಮಾಡಿ. ಪದರದ ಮೇಲೆ ಪದರ ಕೂತಿರುವ ವಸ್ತು, ಪದರಗಳ ನಡುವೆಯೇ ಮುರಿಯುತ್ತದೆ. ಒಂದೇ ಹಿಡಿಯನ್ನು ಎರಡೂ ಥರ ಪ್ರಿಂಟ್ ಮಾಡಿ ಕೈಯಿಂದ ಮುರಿಸಿ. ನಿಂತದ್ದು ಚಟ್ಟನೆ ಮುರಿಯುತ್ತದೆ, ಮಲಗಿದ್ದು ಬಾಗಿ ಬಾಗಿ ಸತಾಯಿಸುತ್ತದೆ. ಮರದ ಎಳೆ ನೋಡಿ ಹಿಡಿ ಕೆತ್ತುವ ಬಡಗಿಗೆ ಇದು ಹೊಸದಲ್ಲ. ಅದಕ್ಕೇ ಆ ದಿನ ಬಡಗಿಯನ್ನೂ ಕ್ಲಾಸಿಗೆ ಕರೆಯಿರಿ, ಎಳೆ ಅಂದ್ರೆ ಏನು ಅಂತ ಅವರೇ ಹೇಳಲಿ. 1919ರಲ್ಲಿ ಜರ್ಮನಿಯ ವೈಮಾರ್‌ನಲ್ಲಿ ಶುರುವಾದ ಬೌಹೌಸ್ ಶಾಲೆಯಲ್ಲಿ ಪ್ರತಿ ವರ್ಕ್‌ಶಾಪಿಗೂ ಇಬ್ಬರು ಗುರುಗಳಿದ್ದರು, ರೂಪ ಕಲಿಸಲು ಒಬ್ಬ ಕಲಾವಿದ, ಕೆಲಸ ಕಲಿಸಲು ಒಬ್ಬ ಕುಶಲಕರ್ಮಿ. ನಮ್ಮ ಊರಲ್ಲಿ ಎರಡನೆಯ ಗುರುವಿಗೆ ಬರವಿಲ್ಲ. ಬಂದವರಿಗೆ ಆ ದಿನದ ಕೂಲಿ ಮತ್ತು ಒಂದು ಕುರ್ಚಿ ಎರಡನ್ನೂ ಕೊಡಿ.

ನಮ್ಮ ಭಾಗದ್ದೇ ಆದ ಎರಡು ತೊಂದರೆ ಇವೆ. ಒಂದು ಕರೆಂಟು. ಆರು ತಾಸಿನ ಪ್ರಿಂಟ್ ಐದನೇ ತಾಸಿನಲ್ಲಿ ನಿಂತರೆ, ಯಂತ್ರ ಮುಂದುವರಿಸುತ್ತೇನೆ ಅಂದರೂ, ತಳದ ಹಾಸು ತಣ್ಣಗಾಗಿ ವಸ್ತು ಕಿತ್ತು ಬಂದಿರುತ್ತದೆ. ಯುಪಿಎಸ್ ಹಾಕಿ. ಜೊತೆಗೆ ಪ್ರಿಂಟನ್ನು ಎರಡು ತಾಸಿಗೆ ಮೀರದ ತುಂಡುಗಳಾಗಿ ಒಡೆಯಲು ಕಲಿಸಿ, ಜೋಡಣೆಯ ಪಾಠವೂ ಆಗುತ್ತದೆ.

ಇನ್ನೊಂದು ಬಿಸಿಲು. ಸಾಮಾನ್ಯವಾಗಿ ಬಳಸುವ ಪಿಎಲ್ಎ ಪ್ಲಾಸ್ಟಿಕ್ 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ. ಅರವತ್ತು ಎಲ್ಲಿ ಬರುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಒಂದು ಮೇ ತಿಂಗಳು, ಹೊರಗೆ 42 ಡಿಗ್ರಿ, ಕುಡುಗೋಲು ಬ್ಯಾಚಿನ ಎಂಟು ಹಿಡಿಗಳನ್ನು ಕಾರಿನಲ್ಲಿ ಬಿಟ್ಟು ಊಟಕ್ಕೆ ಹೋದೆ. ಮುಚ್ಚಿದ ಕಾರು ಒಲೆಯ ಹಾಗೆ ಕಾಯುತ್ತದೆ. ವಾಪಸ್ ಬಂದಾಗ ಡ್ಯಾಶ್‌ಬೋರ್ಡ್ ಮೇಲಿದ್ದ ಮೂರು ಹಿಡಿ ಬಾಳೆಹಣ್ಣಿನ ಥರ ಬಾಗಿದ್ದವು. ಮೂವರು ಹುಡುಗರ ಎರಡು ವಾರದ ಕೆಲಸ ಅದು, ಇವತ್ತಿಗೂ ನೆನೆದರೆ ಹೊಟ್ಟೆ ಚುರ್ ಅನ್ನುತ್ತದೆ. ಹೊಲಕ್ಕೆ ಹೋಗುವ ವಸ್ತುವಾದರೆ ಪಿಇಟಿಜಿ ಅನ್ನುವ ಪ್ಲಾಸ್ಟಿಕ್ ಬಳಸಿ, ಅದು ಸುಮಾರು 80 ಡಿಗ್ರಿವರೆಗೆ ತಡೆಯುತ್ತದೆ.

ಮೂರನೇ ಸಲ ದಾಟುವುದನ್ನು ಮರೆಯಬೇಡಿ

ಪ್ರಿಂಟ್ ಆದ ಹಿಡಿ ಹೊಲಕ್ಕೆ ಹೋಗುತ್ತದೆ. ಅಲ್ಲಿ ಏನೋ ಸರಿ ಬರುವುದಿಲ್ಲ. ಹುಡುಗರು ಜಾಣರು, ಸ್ಥಳದಲ್ಲೇ ಅರ ಹಾಕಿ ಉಜ್ಜುತ್ತಾರೆ, ಎಂ-ಸೀಲ್ ಮೆತ್ತುತ್ತಾರೆ, ಸೈಕಲ್ ಟ್ಯೂಬ್ ಸುತ್ತುತ್ತಾರೆ. ಸರಿ ಹೋಗುತ್ತದೆ. ಫೋಟೋ ತೆಗೆಯುತ್ತಾರೆ, ಮುಗಿಯಿತು.

ಮುಗಿಯಬಾರದು. ಉಜ್ಜಿದ ಜಾಗ, ಮೆತ್ತಿದ ಜಾಗ ಮತ್ತೆ ಅಳತೆಯಾಗಿ ಕ್ಯಾಡ್ ಫೈಲಿಗೆ ಹೋಗಬೇಕು. ಇಲ್ಲದಿದ್ದರೆ ಆ ಸುಧಾರಣೆ ಒಂದು ವಸ್ತುವಿನಲ್ಲಿ ಮಾತ್ರ ಉಳಿಯುತ್ತದೆ, ನೂರು ಮಾಡಿ ಅಂದರೆ ನೂರೂ ಹಳೆಯ ತಪ್ಪಿನದೇ ಆಗುತ್ತವೆ. ಒಬ್ಬರಿಗೆ ಒಂದು ಒಳ್ಳೆ ಹಿಡಿ ಮಾಡಿಕೊಡುವುದು ಕಮ್ಮಾರರ ಕೆಲಸ, ಅವರು ಅದನ್ನು ನಮಗಿಂತ ಚೆನ್ನಾಗಿ ಮಾಡುತ್ತಾರೆ. ಸಾವಿರ ಜನರಿಗೆ ಒಂದೇ ಥರ ಒಳ್ಳೆಯದಿರುವ ಹಿಡಿ ಮಾಡುವುದು ಇಂಡಸ್ಟ್ರಿಯಲ್ ಡಿಸೈನ್.

ಹಾಗಾಗಿ ನಾನು ಮಾರ್ಕ್ಸ್ ಇಡುವುದು ಇಲ್ಲೇ ಜಾಸ್ತಿ. 100ರಲ್ಲಿ 40 ಅಂಕ ಒಂದು ಉದ್ದ ನೋಟ್‌ಬುಕ್ಕಿಗೆ. ಅದರಲ್ಲಿ ಪ್ರತಿ ಸಲ ವರಾಂಡ ದಾಟಿದಾಗಲೂ ಮೂರು ಸಾಲು: ಮೊದಲು ಎಷ್ಟಿತ್ತು, ಈಗ ಎಷ್ಟು, ಯಾರ ಕೈ ಅಥವಾ ಯಾವ ಯಂತ್ರ ಬದಲಿಸಿತು. "ಹಿಡಿ ದಪ್ಪ 36, ಈಗ 32, ಹೊಲದಲ್ಲಿ ಐದು ಜನರಲ್ಲಿ ನಾಲ್ವರಿಗೆ ಬೆರಳು ಕೂಡಲಿಲ್ಲ." ಇಂಥ ಒಂದು ಸಾಲು, ಕಂಪ್ಯೂಟರಿನಲ್ಲಿ ನಿಜದಂತೆ ಕಾಣಿಸುವ ಚಂದದ ರೆಂಡರಿಂಗ್‌ಗಿಂತ ಮೇಲು. ರೆಂಡರಿಂಗ್‌ಗೆ ನಾನು 10 ಅಂಕ ಕೊಡುತ್ತೇನೆ.

ಬೀದರ್‌ಗೆ ಒಂದು ದಿನ

ಎಲ್ಲಿಯ ಕಾಲೇಜಾದರೂ ಸರಿ, ನಮ್ಮ ಮೂರು ಜಿಲ್ಲೆಯವರು ಒಂದು ದಿನ ಬಿದರಿ ಕೆಲಸ ನೋಡಲು ಹೋಗಲೇಬೇಕು. ಬಿದರಿಗೆ 2006ರಲ್ಲಿ ಜಿಐ ಮಾನ್ಯತೆ ಬಂತು, ಬೀದರ್‌ನ ಶಾ ರಶೀದ್ ಅಹಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಆದರೆ ನಾನು ಕರೆದುಕೊಂಡು ಹೋಗುವುದು ಅದೊಂದು ಪೂರ್ತಿ ಉತ್ಪಾದನಾ ಸರಪಳಿ ಅಂತ. ಮಣ್ಣಿಗೆ ಹರಳೆಣ್ಣೆ, ರಾಳ ಬೆರೆಸಿ ಅಚ್ಚು ಮಾಡುತ್ತಾರೆ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ, ಸುಮಾರು ಹದಿನಾರಕ್ಕೆ ಒಂದು, ಎರಕ ಹೊಯ್ಯುತ್ತಾರೆ. ಅರ ಹಾಕಿ ನಯ ಮಾಡಿ, ಗೆರೆ ಕಾಣಲೆಂದು ಮೈಲುತುತ್ತ ಬಳಿದು ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಚೂಪು ಮೊನೆಯಿಂದ ಕೈಯಲ್ಲೇ ಹೂಬಳ್ಳಿ ಬರೆದು, ಉಳಿಯಿಂದ ಕೊರೆದು, ಆ ಸಂದಿಗೆ ಬೆಳ್ಳಿ ತಂತಿ ಇಟ್ಟು ಬಡಿಯುತ್ತಾರೆ. ಕೊನೆಗೆ ಬೀದರ್ ಕೋಟೆಯ ಹಳೆ ಮಣ್ಣು, ನವಸಾಗರ ಸೇರಿಸಿದ ನೀರಿನಲ್ಲಿ ಹಾಕಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬಿಳಿಯಾಗೇ ಉಳಿಯುತ್ತದೆ.

ಹೋಗುವ ಮೊದಲು ವಿದ್ಯಾರ್ಥಿಗಳಿಗೆ ಒಂದು ಹೂಜಿಗೆ ಬಳ್ಳಿಯ ವಿನ್ಯಾಸ ಮಾಡಲು ಹೇಳಿ, ಕಂಪ್ಯೂಟರಿನಲ್ಲಿ, ಎಷ್ಟು ಬೇಕಾದರೂ ಅಚ್ಚುಕಟ್ಟಾಗಿ. ಕಾಗದದ ಮೇಲೆ ಪ್ರಿಂಟ್ ತೆಗೆದು ಜೊತೆಗೆ ತರಲಿ. ಅಲ್ಲಿ ಅದನ್ನು ಹೂಜಿಯ ಹೊಟ್ಟೆಗೆ ಸುತ್ತಿ ನೋಡಲಿ. ಕುತ್ತಿಗೆಗೆ ಸರಿಯಾಗಿ ಸುತ್ತುತ್ತದೆ. ಹೊಟ್ಟೆಯ ಮೇಲೆ ಸುಕ್ಕು ಬೀಳುತ್ತದೆ, ಹೂವು ಮಡಿಕೆಯೊಳಗೆ ಹೋಗುತ್ತದೆ. ಎಷ್ಟು ಎಳೆದರೂ ಕೂರುವುದಿಲ್ಲ. ಒಂದೇ ಕಡೆ ಬಾಗಿದ ಮೈಗೆ ಕಾಗದ ಸುತ್ತಬಹುದು, ಎರಡೂ ಕಡೆ ಬಾಗಿದ ಮೈಗೆ ಆಗುವುದಿಲ್ಲ, ಇದು ಗಣಿತ. ಕುಶಲಕರ್ಮಿ ಏನು ಮಾಡುತ್ತಾರೆ? ಕೈವಾರ ಇಟ್ಟು ಸುತ್ತಳತೆಯನ್ನು ಭಾಗ ಮಾಡಿ, ಹೊಟ್ಟೆ ಉಬ್ಬಿದ ಕಡೆ ಹೂವನ್ನು ತುಸು ಹಿಗ್ಗಿಸಿ, ಕೆಳಗೆ ಕುಗ್ಗಿಸಿ ನೇರವಾಗಿ ಲೋಹದ ಮೇಲೇ ಬರೆಯುತ್ತಾರೆ. ಆ ಅರ್ಧ ಗಂಟೆ ನೋಡಿ ಬಂದ ಹುಡುಗರು ಕ್ಯಾಡ್‌ನಲ್ಲಿ ಮೇಲ್ಮೈ ಅನ್ನುವ ಪದವನ್ನು ಬೇರೆಯೇ ಗೌರವದಿಂದ ನೋಡುತ್ತಾರೆ.

ಎರಕದ ಕಡೆ ಕೇಳಬೇಕಾದ ಪ್ರಶ್ನೆ ಎರಡು. ಮಾದರಿಯನ್ನು ಅಚ್ಚಿನಿಂದ ಎತ್ತುವಾಗ ಮಣ್ಣು ಕಿತ್ತು ಬರದ ಹಾಗೆ ಬದಿಗಳು ಎಷ್ಟು ಓರೆ ಇವೆ? ಕ್ಯಾಡ್ ಮೆನುವಿನ ಡ್ರಾಫ್ಟ್ ಅನ್ನುವ ಆಜ್ಞೆ ಇದೇ. ತಣ್ಣಗಾದ ಮೇಲೆ ಎಷ್ಟು ಕುಗ್ಗಿತು? ಒಪ್ಪಿದರೆ ಮಾದರಿ, ಎರಕ ಎರಡನ್ನೂ ವರ್ನಿಯರ್ ಇಟ್ಟು ಅಳೆಯಿರಿ, ವ್ಯತ್ಯಾಸ ಬರೆದುಕೊಳ್ಳಿ. ಎರಕವನ್ನು ಮಾತ್ರ ನಿಮ್ಮ ಲ್ಯಾಬಿನಲ್ಲಿ ಪ್ರಯತ್ನಿಸಬೇಡಿ. ಸತು 420 ಡಿಗ್ರಿ ಹತ್ತಿರ ಕರಗುತ್ತದೆ, ಅತಿಯಾಗಿ ಕಾದರೆ ಅದರ ಹೊಗೆ ಜ್ವರ ತರಿಸುತ್ತದೆ.

ಬೀದರ್‌ನ ಕಾಲೇಜಿನವರಿಗೆ ನಾನು ಹೇಳುವ ಪ್ರಾಜೆಕ್ಟ್ ಬಿದರಿ ವಸ್ತು ಅಲ್ಲ. ಅವರ ಉಳಿಯ ಹಿಡಿ, ಕೂರುವ ಮಣೆ, ಬೆಳಕು ಬೀಳುವ ದೀಪ, ವಸ್ತು ಅಲುಗದ ಹಾಗೆ ಹಿಡಿಯುವ ಆಸರೆ. ದಿನವಿಡೀ ನೆಲದ ಮೇಲೆ ಬಗ್ಗಿ ಕೂರುವ ಬೆನ್ನಿಗೆ ನಮ್ಮ ಪ್ರಿಂಟರ್, ಲೇಸರ್ ಕಟರ್ ಏನಾದರೂ ಮಾಡಬಹುದು. ಕೆತ್ತನೆಯನ್ನು ಯಂತ್ರದಲ್ಲಿ ಮಾಡಿ ತೋರಿಸುತ್ತೇನೆ ಅಂತ ಪ್ರತಿ ಬ್ಯಾಚಿನಲ್ಲೂ ಒಬ್ಬ ಹೇಳುತ್ತಾನೆ. ನಾನು ಬೇಡ ಅನ್ನುತ್ತೇನೆ. ಅವರ ಹೊಟ್ಟೆಪಾಡು ಇರುವುದೇ ಆ ಕೆತ್ತನೆಯಲ್ಲಿ.

ಉಳಿದದ್ದು

ಚಪ್ಪಲಿ ಹಾಕಿ ವರ್ಕ್‌ಶಾಪಿಗೆ ಬಿಡಬೇಡಿ, ಶೂ ಕಡ್ಡಾಯ. ಅರ ಹಾಕುವಾಗ, ಡ್ರಿಲ್ ಮಾಡುವಾಗ ಕನ್ನಡಕ. ದುಪಟ್ಟಾ, ಉದ್ದ ಕೂದಲು ಕಟ್ಟಿರಬೇಕು. ಹೊಲದಲ್ಲಿ ಪರೀಕ್ಷೆಗೆ ಕೊಡುವ ಅಲಗಿಗೆ ಮುಚ್ಚಳ ಇರಲಿ. ಗಂಡುಹುಡುಗರು ವರ್ಕ್‌ಶಾಪಿಗೆ, ಹೆಣ್ಣುಮಕ್ಕಳು ಕಂಪ್ಯೂಟರಿಗೆ ಅಂತ ತಂಡಗಳು ತಾವಾಗಿಯೇ ಒಡೆಯುತ್ತವೆ. ಲ್ಯಾಬ್ ತೆರೆದ ವಾರವೇ ಗಮನಿಸಿ ಅದನ್ನು ನಿಲ್ಲಿಸಿ, ಪ್ರತಿಯೊಬ್ಬರೂ ತಮ್ಮ ಫೈಲ್ ತಾವೇ ಬರೆಯಬೇಕು, ತಮ್ಮ ಅಲಗು ತಾವೇ ಉಜ್ಜಬೇಕು.

ಸೆಮಿಸ್ಟರ್ ಮುಗಿದ ಮೇಲೆ ಮಣ್ಣಿನ ಮಾಡೆಲ್, ರಟ್ಟು, ಮುರಿದ ಪ್ರಿಂಟು, ಬಾಗಿದ ಹಿಡಿ ಯಾವುದನ್ನೂ ಎಸೆಯಬೇಡಿ. ಒಂದು ಕಪಾಟಿನಲ್ಲಿ ಒಬ್ಬೊಬ್ಬರದನ್ನು ಒಂದೊಂದು ಸಾಲಾಗಿ, ಮಾಡಿದ ಕ್ರಮದಲ್ಲೇ ಇಟ್ಟು, ಕೆಳಗೆ ಅಳತೆಯ ಚೀಟಿ ಅಂಟಿಸಿ. ಆ ಕಪಾಟನ್ನು ಲ್ಯಾಬಿನಲ್ಲೂ ಇಡಬೇಡಿ, ವರ್ಕ್‌ಶಾಪಿನಲ್ಲೂ ಇಡಬೇಡಿ. ನಮ್ಮದು ವರಾಂಡದಲ್ಲೇ ಇದೆ. ಹೊಸ ಬ್ಯಾಚ್ ಬಂದ ದಿನ ಮೊದಲ ಒಂದು ತಾಸು ಅಲ್ಲೇ ನಿಂತು, ಒಂದೊಂದನ್ನೂ ತೆಗೆದು ಕೈಯಲ್ಲಿ ಹಿಡಿದು ನೋಡುತ್ತಾರೆ.